ಉರ್ಷುಲೆ ಒತ್ತಿಟ್ಟ ಹೂ

ನಮ್ಮ ಗಿರ್ವೈನಿ ಹಳ್ಳಿಯಲ್ಲಿ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ ಹೂವಿನ ಬಳ್ಳಿ ಹಬ್ಬಿರದ ಬೇಲಿ ಇರಲಿಲ್ಲ, ಬಿಯರ್ ಕುದಿಸದ ಮನೆ ಇರಲಿಲ್ಲ. ಕಷ್ಟವೆಲ್ಲ ಈಸ್ಟರ್ ಕಳೆದ ಮೇಲೆ. ಆಗಸ್ಟ್ ಕೊನೆಯಲ್ಲಿ ಕಿತ್ತು ಒಣಗಿಸಿದ ಹೂ ಚಳಿಗಾಲ ಪೂರ್ತಿ ಹೇಗೋ ತಡೆಯುತ್ತಿತ್ತು. ಬಿಸಿಲು ಏರಿದ ಹಾಗೆ ಕಂದುಬಣ್ಣಕ್ಕೆ ತಿರುಗಿ, ಹಳಸಿದ ಚೀಸಿನಂತೆ, ವಾರಗಟ್ಟಲೆ ಬಿಚ್ಚದ ಕಾಲ್ಚೀಲದಂತೆ ನಾರತೊಡಗುತ್ತಿತ್ತು. ಅದನ್ನು ಹಾಕಿ ಕುದಿಸಿದರೆ ಹಂದಿಯೂ ಮೂಸುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಮದುವೆಯೋ ಸಾವೋ ಆದರೆ ಸುತ್ತಮುತ್ತಲ ಊರಿನವರೆಲ್ಲ ಯೆರೊನಿಮಾಸನ ಬಾಗಿಲಿಗೆ ಬರಲೇಬೇಕಿತ್ತು. ಜೂನ್ ತಿಂಗಳಲ್ಲೂ ಹೂ ಹಸಿರಾಗಿರುತ್ತಿದ್ದದ್ದು ಅವನ ಕಣಜದಲ್ಲಿ ಮಾತ್ರ. ಅದನ್ನು ಹಾಗೆ ಕಾಪಾಡಿ ಇಡುತ್ತಿದ್ದವಳು ಅವನ ತಂಗಿ ಉರ್ಷುಲೆ.

ನಾನು ಹೇಳಹೊರಟಿರುವುದು ಅವಳ ವಿಷಯ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಮಾತ್ರ ಇತ್ತು. ಕೆಲವನ್ನು ನಾನೇ ಕಂಡೆ. ಉಳಿದದ್ದನ್ನು ಕೊನೆಗಾಲದಲ್ಲಿ ಅವಳೇ ಹೇಳಿದಳು.

ತಾಯಿ ಸಾಯುವಾಗ ಉರ್ಷುಲೆಗೆ ಬಿಟ್ಟು ಹೋದದ್ದು ಓಕ್ ಮರದ ಒಂದು ಪೆಟ್ಟಿಗೆ. ಮದುವೆಯಾಗಿ ಹೋಗುವ ಹುಡುಗಿಯ ಜೊತೆ ಗಾಡಿ ಏರಬೇಕಾದ ಪೆಟ್ಟಿಗೆ ಅದು. ಒಳಗೆ ತಾಯಿ ಎಷ್ಟೋ ಚಳಿಗಾಲ ಮಗ್ಗದ ಮುಂದೆ ಕೂತು ನೇಯ್ದ ಅಗಸೆ ನಾರಿನ ಹಾಸುಗಳು, ಮೇಜಿನ ಬಟ್ಟೆಗಳು, ಕೆಂಪು ಅಂಚಿನ ಟವೆಲ್ಲುಗಳು. ಬಡಗಿಯ ಕೈ ಎಂಥದೆಂದರೆ ಮುಚ್ಚಳ ಹಾಕಿದ ಮೇಲೆ ಸಂದಿನಲ್ಲಿ ಒಂದು ಕೂದಲೂ ತೂರುತ್ತಿರಲಿಲ್ಲ.

ಯೆರೊನಿಮಾಸನಿಗೆ ಆಗ ಬಿಯರಿನಲ್ಲಿ ಹೆಸರು ಮಾಡುವ ಹುಚ್ಚು ಹಿಡಿದಿತ್ತು. ಒಂದು ಸಂಜೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಬಾಚಿ ಬೆಂಚಿನ ಮೇಲೆ ಸುರಿದ.

“ಅಣ್ಣ, ಅದು ನಂದು,” ಅಂದಳು ಉರ್ಷುಲೆ.

“ನಿಂದೇ ಕಣೆ, ಯಾರು ಅಲ್ಲ ಅಂದ್ರು? ಒಂದು ವರ್ಷ ಹೂ ಇಟ್ಕೋತೀನಿ. ನಾಳೆನೇ ನಿನ್ನ ಕೇಳ್ಕೊಂಡು ಯಾವನೂ ಗಾಡಿ ಕಟ್ಕೊಂಡು ಬರ್ತಿಲ್ಲವಲ್ಲ.”

“ಬಟ್ಟೆ ಎಲ್ಲಿಡ್ಲಿ?”

“ಇಡೋದ್ಯಾಕೆ? ಚೀಲ ಹೊಲಿ. ಒತ್ತಾದ ನೇಯ್ಗೆ, ಹೂವಿನ ಪುಡಿ ಒಂಚೂರೂ ಉದುರಲ್ಲ.”

ಆಗ ನೀನು ಅತ್ತುಬಿಟ್ಟೆಯಾ, ಜಗಳ ಆಡಿದೆಯಾ ಎಂದು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. “ಹೊಲಿದೆ,” ಅಂದಳು. ಅಷ್ಟೆ.

ಹೊಲಿದದ್ದಷ್ಟೇ ಅಲ್ಲ, ಆ ಹೂವಿನ ಕೆಲಸ ಪೂರ್ತಿ ಅವಳ ಮೈಗೆ ಅಂಟಿತು. ಬೆರಳ ನಡುವೆ ಒತ್ತಿದರೆ ಹೂ ಕಾಗದದಂತೆ ಸರಸರ ಅನ್ನಬೇಕು, ಬಿಡಿಸಿದರೆ ಒಳಗಿನ ಹಳದಿ ಪುಡಿ ಅಂಟಂಟಾಗಿರಬೇಕು, ಆಗ ಮಾತ್ರ ಕೀಳುತ್ತಿದ್ದಳು. ಬಿಸಿಲಿಗೆ ಒಡ್ಡುತ್ತಿರಲಿಲ್ಲ. ಅಟ್ಟದ ಹಲಗೆಯ ಮೇಲೆ ತೆಳ್ಳಗೆ ಹರಡಿ, ಕಿಟಕಿ ತೆಗೆದಿಟ್ಟು, ಮಗುವನ್ನು ಮಗ್ಗುಲಿಗೆ ಹೊರಳಿಸಿದ ಹಾಗೆ ಅಂಗೈಯಲ್ಲಿ ತಿರುವಿ ಹಾಕುತ್ತಿದ್ದಳು. ಹೂವಿನ ನಡುವಿನ ಕಡ್ಡಿ ಬಾಗದೆ ಚಟಕ್ಕನೆ ಮುರಿದರೆ ಒಣಗಿತೆಂದು ಅರ್ಥ. ಆಮೇಲೆ ಚೀಲ. ಚೀಲಕ್ಕೆ ಹೂ ಸುರಿದು, ಕಾಲು ತೊಳೆದು ಒರೆಸಿಕೊಂಡು ಒಳಗೆ ಇಳಿದು ತುಳಿಯುತ್ತಿದ್ದಳು. ಸಡಿಲವಾಗಿ ತುಂಬಿದರೆ ಹೂವಿನ ನಡುವೆ ಗಾಳಿ ಉಳಿಯುತ್ತದೆ, ಗಾಳಿ ಉಳಿದರೆ ಹೂ ಕೆಟ್ಟಿತು. ಚೀಲ ಇಟ್ಟಿಗೆಯ ಹಾಗೆ ಗಟ್ಟಿಯಾಗುವವರೆಗೆ ತುಳಿದು, ಬಾಯಿ ಹೊಲಿದು, ಪೆಟ್ಟಿಗೆಯಲ್ಲಿ ಇಟ್ಟು, ಮುಚ್ಚಳದ ಸಂದಿಗೆ ಜೇನುಮೇಣ ಬಳಿಯುತ್ತಿದ್ದಳು. ಪೆಟ್ಟಿಗೆ ಕಣಜದ ಉತ್ತರ ಗೋಡೆಗೆ, ತಣ್ಣನೆಯ ಚಪ್ಪಡಿಯ ಮೇಲೆ. ಹತ್ತಿರದಲ್ಲಿ ಈರುಳ್ಳಿ ಇರಕೂಡದು, ಹೊಗೆ ಹಾಕಿದ ಮಾಂಸ ಇರಕೂಡದು. ಹೂ ಎಲ್ಲ ವಾಸನೆಯನ್ನೂ ಕುಡಿಯುತ್ತದೆ.

ತುಳಿದೂ ತುಳಿದೂ ಅವಳ ಕಾಲು ಮೊಣಕಾಲಿನವರೆಗೆ ಕೆಂಪಗೆ ದದ್ದೇಳುತ್ತಿತ್ತು. ಹೂವಿನ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದಳು. “ನಾಯಿಗೆ ಹುಳ ಬಿದ್ದ ಹಾಗೆ ಪರಪರ ಅಂತೀಯಲ್ಲೇ, ಹಟ್ಟಿಯಲ್ಲಿ ಮಲಕ್ಕೋ ಹೋಗು,” ಎನ್ನುತ್ತಿದ್ದ ಅಣ್ಣ.

ಒಂದು ವರ್ಷ ಎಂದದ್ದು ಎರಡಾಯಿತು, ನಾಲ್ಕಾಯಿತು. ಅಷ್ಟರಲ್ಲಿ ಯೆರೊನಿಮಾಸನಿಗೆ ಮದುವೆಯಾಗಿ, ಹೆಂಡತಿ ಹೆಣ್ಣುಮಗು ಹೆತ್ತು, ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಮಗುವಿಗೆ ಬ್ರೊನೆ ಎಂದು ಹೆಸರಿಟ್ಟರು. ನಾನೂ ಬ್ರೊನೆಯೂ ಒಂದೇ ವರ್ಷದವರು. ಮಗುವನ್ನು ಸಾಕಿದವಳು ಉರ್ಷುಲೆ. ಮೇಕೆ ಹಾಲು ಕಾಯಿಸಿ ಬಟ್ಟೆಯ ತುದಿ ಅದ್ದಿ ಕುಡಿಸಿದಳು.

ಆ ಶರತ್ಕಾಲದಲ್ಲೇ ಉರ್ಷುಲೆಯನ್ನು ಕೇಳಿಕೊಂಡು ನಿಜವಾಗಿಯೂ ಒಂದು ಗಾಡಿ ಬಂತು. ಗಾಡಿಚಕ್ರ ಮಾಡುವ ಮಾಟಿಯೇಯುಸ್. ಮೆತ್ತಗಿನ ಮನುಷ್ಯ. ಜೊತೆಗೆ ಸಂಬಂಧ ಕುದುರಿಸುವ ದಲ್ಲಾಳಿ, ಹೆಗಲಿಗೆ ನೇಯ್ದ ಪಟ್ಟಿ ಕಟ್ಟಿಕೊಂಡು, ಬಾಯಿ ತುಂಬ ಮಾತು. ಉಪ್ಪುಮೀನು, ಕಪ್ಪು ಬ್ರೆಡ್ಡು, ಎರಡೆರಡು ಲೋಟ ಬಿಯರ್ ಆಯಿತು.

“ಹಂಗಾದ್ರೆ ಹುಡುಗಿ ಪೆಟ್ಟಿಗೆ ಒಂದ್ಸಲ ನೋಡ್ಬಿಡೋಣ್ವಾ ಯಜಮಾನ್ರೇ? ಶಾಸ್ತ್ರ ಅಲ್ವಾ,” ಅಂದ ದಲ್ಲಾಳಿ.

“ಬನ್ನಿ, ಬನ್ನಿ. ನಮ್ಮನೇಲಿ ಮುಚ್ಚುಮರೆ ಇಲ್ಲ,” ಎಂದು ಯೆರೊನಿಮಾಸ್ ಎದ್ದ.

ತಂಗಿ ಹೋದರೆ ಮಗು ನೋಡುವವರು ಯಾರು, ಹೂ ತುಳಿಯುವವರು ಯಾರು? ಬೇಡ ಅನ್ನಬಹುದಿತ್ತು. ಹಾಗಂದರೆ ಊರು ಅವನನ್ನು ಬೈಯುತ್ತಿತ್ತು. ಅವರನ್ನು ಕಣಜಕ್ಕೆ ಕರೆದೊಯ್ದು, ಮೇಣ ಕೆರೆದು, ತಾನೇ ಮುಚ್ಚಳ ಎತ್ತಿದ.

“ಇದೇನ್ರೀ ಇದು?” ದಲ್ಲಾಳಿ ಬಗ್ಗಿ ನೋಡಿದ.

“ನಮ್ಮ ಉರ್ಷುಲೆ ಆಸ್ತಿ. ಹಾಸ್ಕೊಂಡು ಮಲಗಿ, ಹೊದ್ಕೊಂಡು ಮಲಗಿ. ಹಾಪ್ ಹೂ ನೋಡಿ, ಒಳ್ಳೇ ನಿದ್ದೆ ಬರುತ್ತೆ. ಮೊದಲನೇ ರಾತ್ರಿ ಮಾತ್ರ ಮದುಮಗ ಎದ್ದಿರೋದು ಕಷ್ಟ.”

ದಲ್ಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಟ್ಟೆಬರೆ?”

“ಕಣ್ಣು ಕಾಣಲ್ವಾ? ಚೀಲ ಇದೆಯಲ್ಲ. ನಮ್ಮಮ್ಮ ನೇಯ್ದಿದ್ದು, ಇವಳು ಕತ್ತರಿಸಿದ್ದು. ಕೈಗೆ ಕತ್ತರಿ ಸಿಕ್ಕಿದ್ರೆ ಸಾಕು ಇವಳಿಗೆ. ನಿಮ್ಮ ಅಂಗಿ ಪ್ಯಾಂಟು ಜೋಪಾನ ಮಾಟಿಯೇಯುಸ್.”

ಉರ್ಷುಲೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಾಟಿಯೇಯುಸ್ ನಗಲಿಲ್ಲ. ಅವಳ ಕಡೆ ತಿರುಗಿ, “ನೀನೇನಂತೀಯಾ?” ಎಂದು ಕೇಳಿದ. ಅಷ್ಟು ಜನರ ಮುಂದೆ ಅಣ್ಣನನ್ನು ಸುಳ್ಳುಗಾರ ಅನ್ನುವುದು ಅವಳಿಗೆ ಆಗಲಿಲ್ಲ. ಫಸಲು ಮುಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಮಾಟಿಯೇಯುಸ್ ಹೋದ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಹಿಡಿಯುವ ಮೊದಲೇ ಆಚೆ ಊರಿನ ಹುಡುಗಿಯೊಬ್ಬಳನ್ನು ಮದುವೆಯಾದ. ಆ ಮದುವೆಗೆ ಬಿಯರ್ ಕುದಿಸಿದವನು ಯೆರೊನಿಮಾಸ್. ಹೂ ಪೆಟ್ಟಿಗೆಯಿಂದ ತೆಗೆದುಕೊಟ್ಟವಳು ಉರ್ಷುಲೆ.

ಮತ್ತೆ ಯಾರೂ ಬರಲಿಲ್ಲ. ದಲ್ಲಾಳಿ ಆ ಕಥೆಯನ್ನು ಊರೂರಲ್ಲಿ ಹೇಳಿ ನಗಿಸಿದ್ದ.

ಯುದ್ಧ ಹೊತ್ತಿ ಜರ್ಮನ್ ಸೈನಿಕರು ಬಂದರು, ಹೋದರು. ಅವರ ಹಿಂದೆಯೇ ದೊಡ್ಡ ಶೀತಜ್ವರ ಬಂತು. ನಮ್ಮ ಮನೆಯಲ್ಲಿ ಅಜ್ಜಿ ಹೋದಳು. ಯೆರೊನಿಮಾಸ್ ಬದುಕಿಕೊಂಡ, ಆದರೆ ಅವನ ಮೂಗು ಸತ್ತುಹೋಯಿತು. ಹಟ್ಟಿಯ ಗೊಬ್ಬರವೂ ಅಷ್ಟೆ, ಹುರಿದ ಕೊಬ್ಬೂ ಅಷ್ಟೆ, ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇದು ತಿಳಿದಿದ್ದದ್ದು ಉರ್ಷುಲೆಗೊಬ್ಬಳಿಗೆ. ಒಂದು ದಿನ ಒಲೆಯ ಮೇಲೆ ಹಾಲು ಹೊತ್ತಿ ಮನೆ ತುಂಬ ಹೊಗೆ ವಾಸನೆ, ಇವನು ಪಕ್ಕದಲ್ಲೇ ಕೂತು ಚಮಚ ಕೆತ್ತುತ್ತಿದ್ದ.

“ಹೊರಗೆ ಬಾಯಿ ಬಿಟ್ಟೆ ಅಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ,” ಅಂದ.

ಅವಳು ಬಾಯಿ ಬಿಡಲಿಲ್ಲ. ಅಂದಿನಿಂದ ಅವನ ಮೂಗೂ ಅವಳೇ ಆದಳು. ಬಿಯರ್ ಬೇಕೆಂದು ಬಂದವರ ಮುಂದೆ ಅವನು ಒಂದು ಹಿಡಿ ಹೂ ತೆಗೆದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಪಾದ್ರಿಯ ಹಾಗೆ ತಲೆಯಾಡಿಸುತ್ತಿದ್ದ. ಅದಕ್ಕೆ ಮೊದಲೇ ಕಣಜದಲ್ಲಿ ಅವಳ ಮೂಗಿಗೆ ಹಿಡಿದು “ಹೂಂ?” ಅಂದಿರುತ್ತಿದ್ದ. ಅವಳು “ಸರಿ ಇದೆ” ಅಂದಿರುತ್ತಿದ್ದಳು. ಕುದಿಸುವಾಗ ಹಿತ್ತಲ ಕೊಟ್ಟಿಗೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮನೆತನದ ಗುಟ್ಟು ಎಂದು ಜನ ತಿಳಿದುಕೊಂಡರು. ನೀರು ಹೊರುವುದಕ್ಕೆ ಉರ್ಷುಲೆ ಮಾತ್ರ.

ಬ್ರೊನೆ ಅತ್ತೆಯ ಮಗ್ಗುಲಲ್ಲೇ ಮಲಗಿ ಬೆಳೆದಳು. ಅತ್ತೆ ಎಂದರೆ ಅವಳಿಗೆ ಪ್ರಾಣ. ರಾತ್ರಿ ಅತ್ತೆಯ ದದ್ದೆದ್ದ ಕಾಲಿಗೆ ಹಸುವಿನ ಬೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಬೆಳೆದು ಚೆಲುವೆಯಾದಳು, ನಮ್ಮ ವಾರಗೆಯವರಲ್ಲೇ ಚೆಲುವೆ. ಕೆರೆಯಾಚೆಯ ದೊಡ್ಡ ಮನೆಯಿಂದ ಸ್ಟೆಪೋನಾಸ್ ಎಂಬ ಹುಡುಗನ ಸಂಬಂಧ ಬಂತು. ಜೂನ್ ಕೊನೆಯಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಮಗಳಿಗೆ ಯೆರೊನಿಮಾಸ್ ಎರಡು ಹೊಸ ಪೆಟ್ಟಿಗೆ ಮಾಡಿಸಿದ, ಹೂಬಳ್ಳಿ ಬಣ್ಣ ಬರೆಸಿದ. ಅವುಗಳನ್ನು ಇಡಲು ಕಣಜದಲ್ಲಿ ತಂಪಾದ ಜಾಗ ಬೇಕಾಯಿತು. ಮಾರ್ಚಿನಲ್ಲಿ ಒಂದು ದಿನ ಉರ್ಷುಲೆಯ ಪೆಟ್ಟಿಗೆಯನ್ನು ಎಳೆಸಿ, ಮನೆಯ ಅಟ್ಟದ ಮೇಲೆ, ಬ್ರೆಡ್ ಸುಡುವ ಒಲೆಯ ಚಿಮಣಿಗೆ ತಾಗಿಸಿ ಇಡಿಸಿದ.

“ಅಣ್ಣ, ಅಲ್ಲಿ ಕಾವು ಜಾಸ್ತಿ. ಹೂ ತಡೆಯಲ್ಲ.”

“ನನಗೆ ಹೇಳಿಕೊಡ್ತೀಯಾ?”

“ಬ್ರೊನೆ ಪೆಟ್ಟಿಗೆ ಅಟ್ಟದಲ್ಲಿಟ್ರೂ ನಡೆಯುತ್ತೆ, ಬಟ್ಟೆ ತಾನೆ. ಹೂವನ್ನ—”

“ನೋಡು, ನನ್ನ ಮಗಳ ಬಟ್ಟೆಗೆ ಮಸಿ ಹಿಡಿಯೋದು ಬೇಡ. ಅವಳು ಮದುವೆ ಆಗೋ ಹುಡುಗಿ. ನಿನ್ನ ಡಬ್ಬಾಗೆ ಏನಾಗ್ಬೇಕು? ಇನ್ನೊಬ್ಬ ಚಕ್ರ ಬಡಿಯೋನು ಬಂದು ನೋಡ್ತಾನಾ?”

ಅವಳಿಗೆ ಆಗ ನಲವತ್ತು ದಾಟಿತ್ತು. ಚಿಮಣಿಯ ಕಾವಿಗೆ ಮೇಣ ಕರಗಿ ಇಳಿಯಿತು, ಮುಚ್ಚಳ ಒಂದು ಮೂಲೆಯಲ್ಲಿ ಬಿರಿಯಿತು. ಹೋಗಿ ನೋಡಿದಳಂತೆ. ನೋಡಿ ಇಳಿದು ಬಂದಳಂತೆ.

ಜೂನ್ ಮೊದಲ ವಾರ ಮದುವೆಯ ಬಿಯರಿಗೆ ಬಾರ್ಲಿ ಮೊಳಕೆ ಬರಿಸಿ ಒಣಗಿಸಿದ್ದು ಸಿದ್ಧವಾಯಿತು. ಯೆರೊನಿಮಾಸ್ ಅಟ್ಟ ಹತ್ತಿ ಚೀಲದ ಹೊಲಿಗೆ ಬಿಚ್ಚಿದ. ಅಲ್ಲಿ ಕತ್ತಲು, ಬಣ್ಣ ಕಾಣುವಂತಿರಲಿಲ್ಲ. ಒಂದು ಹಿಡಿ ತೆಗೆದು, ಜೊತೆಗೆ ಹತ್ತಿಬಂದಿದ್ದ ತಂಗಿಯ ಮೂಗಿಗೆ ಹಿಡಿದ.

“ಹೂಂ?”

ಆ ವಾಸನೆ ಕಣ್ಣಿಗೆ ಹೊಡೆಯಿತು ಅಂದಳು ಉರ್ಷುಲೆ. ಚೀಲದ ಹೂ ಪೂರ್ತಿ ಕೆಟ್ಟುಹೋಗಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಕೆಟ್ಟ ಹೂ ಅವಳು ಮೂಸಿರಲಿಲ್ಲ.

“ಸರಿ ಇದೆ,” ಅಂದಳು.

“ಹೇಳಿರ್ಲಿಲ್ವಾ ನಾನು? ನೀನೇ ಕಾವು, ಕಾವು ಅಂತ ಬಡ್ಕೊಂಡೆ.” ಅವನು ಹೂವನ್ನು ಬುಟ್ಟಿಗೆ ತುಂಬಿಕೊಂಡು ಇಳಿದು ಹೋದ. ಕೊಟ್ಟಿಗೆಯ ಬಾಗಿಲು ಮುಚ್ಚಿ, ಹೊಗೆಗತ್ತಲಲ್ಲಿ ಹೂವನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಆ ಕಷಾಯವನ್ನು ಬಿಯರಿಗೆ ಬೆರೆಸಿ, ಪೀಪಾಯಿಗೆ ಇಳಿಸಿ, ಬಿರಡೆ ಬಡಿದ. ಮದುಮಗನ ಕಡೆಯವರ ಎದುರಿಗೇ ಮೊದಲ ಬಿರಡೆ ಕೀಳುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ.

ಮದುವೆಯಲ್ಲಿ ನಾನು ಬ್ರೊನೆಯ ಜೊತೆಗಾತಿಯಾಗಿದ್ದೆ. ಇಗರ್ಜಿಯಿಂದ ಬಂದು, ಬ್ರೆಡ್ಡು ಉಪ್ಪು ಕೊಟ್ಟು ಬರಮಾಡಿಕೊಳ್ಳುವ ಶಾಸ್ತ್ರ ಆಗಿ, ಎಲ್ಲರೂ ಮೇಜಿಗೆ ಕೂತರು. ಯೆರೊನಿಮಾಸ್ ಹೊಸ ಅಂಗಿ ತೊಟ್ಟು, ಸುತ್ತಿಗೆ ಹಿಡಿದು, ಒಂದು ಭಾಷಣ ಬಿಗಿದ. ಇಂಥ ಬಿಯರ್ ಜೂನಿನಲ್ಲಿ ಕುಡಿಸುವವನು ಇಡೀ ಜಿಲ್ಲೆಗೆ ಇನ್ನೊಬ್ಬನಿದ್ದರೆ ತನ್ನ ಮೀಸೆ ಬೋಳಿಸುತ್ತೇನೆ ಅಂದ. ಬಿರಡೆ ಕಿತ್ತ. ಮೊದಲ ಮಗ್ ಸ್ಟೆಪೋನಾಸನ ತಾಯಿ ಮೊರ್ತಾಳ ಕೈಗೆ ಕೊಟ್ಟ.

ಮೊರ್ತಾ ಒಂದು ಗುಟುಕು ಕುಡಿದು, ಮಗ್ ಕೆಳಗಿಟ್ಟು, ಬಾಯಿ ಒರೆಸಿಕೊಂಡಳು.

“ಬೀಗರೇ, ಇದನ್ನ ಕಾಲ್ಚೀಲದಲ್ಲಿ ಸೋಸಿದ್ರಾ?”

ಮೊದಲು ಜನ ತಮಾಷೆ ಎಂದುಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಮೂಸಿದರು. ಯಾರೋ ಒಬ್ಬ ನೆಲಕ್ಕೆ ಉಗಿದ. ಯೆರೊನಿಮಾಸ್ ಒಂದು ಮಗ್ ತುಂಬಿ ಗಟಗಟ ಕುಡಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ.

“ಚೆನ್ನಾಗೇ ಇದೆಯಲ್ರೀ,” ಅಂದ.

ಆಗ ಬಿತ್ತು ನೋಡಿ ನಗೆ.

ನಮ್ಮಲ್ಲಿ ಮದುವೆಯ ಎರಡನೇ ದಿನ ದಲ್ಲಾಳಿಯನ್ನು ಸುಳ್ಳು ಹೇಳಿದ್ದಕ್ಕೆ ನೇಣು ಹಾಕುವ ಆಟ ಆಡುತ್ತಾರೆ. ಕೊನೆಯ ಗಳಿಗೆಯಲ್ಲಿ ಮದುಮಗಳು ಒಂದು ಟವೆಲ್ ಎಸೆದು ಅವನನ್ನು ಬಿಡಿಸಿಕೊಳ್ಳುತ್ತಾಳೆ. ಈ ಸಲ ಮದುಮಗನ ಕಡೆಯ ಹುಡುಗರು ಎರಡನೇ ದಿನದವರೆಗೆ ಕಾಯಲಿಲ್ಲ, ದಲ್ಲಾಳಿಯನ್ನೂ ಹುಡುಕಲಿಲ್ಲ.

“ದೊಡ್ಡ ಸುಳ್ಳುಗಾರ ಇಲ್ಲೇ ಇದ್ದಾನೆ ಕಣ್ರೋ! ಹಿಡೀರಿ!”

ಅಂಗಳದ ಲಿಂಡನ್ ಮರದ ಕೆಳಗೆ ಯೆರೊನಿಮಾಸನನ್ನು ಪೀಪಾಯಿಯ ಮೇಲೆ ನಿಲ್ಲಿಸಿದರು. ಆಟದಲ್ಲಿ ಹಗ್ಗವನ್ನು ಕಂಕುಳಿಗೆ ಕಟ್ಟುವುದು ರೂಢಿ. ಇವರು ಕುತ್ತಿಗೆಗೇ ಹಾಕಿದರು. ಒಬ್ಬ ನ್ಯಾಯಾಧೀಶನಾದ.

“ಅಪರಾಧ?”

“ಕಾಲು ತೊಳೆದ ನೀರು ಕುಡಿಸಿದ್ದು!”

“ಮೀಸೆ?”

“ಬೋಳಿಸಿ!”

ತಲೆಯ ಮೇಲೆ ಬಿಯರ್ ಸುರಿದರು. ಒಬ್ಬ ಹಗ್ಗ ಜಗ್ಗಿದ. ಯೆರೊನಿಮಾಸ್ ತುದಿಗಾಲಲ್ಲಿ ನಿಂತ. ಹೇಳಲು ಅವನಿಗೆ ಒಂದು ಮಾತಿತ್ತು: ಹೂ ಮೂಸಿ ನೋಡಿದವನು ನಾನಲ್ಲ, ಅವಳು. ಆದರೆ ಹಾಗಂದರೆ ಮೂಗಿಲ್ಲದವನೆಂದು ತಾನೇ ಒಪ್ಪಿಕೊಂಡ ಹಾಗೆ. ಇಷ್ಟು ವರ್ಷದ ಹೆಸರು ತಂಗಿಯದೆಂದು ಒಪ್ಪಿಕೊಂಡ ಹಾಗೆ. ಅವನು ಬಾಯಿ ಮುಚ್ಚಿಕೊಂಡು, ಜನರ ತಲೆಗಳ ಮೇಲಿಂದ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉರ್ಷುಲೆಯನ್ನೇ ನೋಡಿದ. ಉರ್ಷುಲೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದಳು.

“ಮದುಮಗಳೇ, ಟವೆಲ್ ಎಸೀಯಮ್ಮಾ, ನಿಮ್ಮಪ್ಪ ನೀಲಿ ತಿರುಗ್ತಿದ್ದಾನೆ!” ಯಾರೋ ಕೂಗಿದರು.

ಬ್ರೊನೆಯ ಕೈಯಲ್ಲಿ ಟವೆಲ್ ಇತ್ತು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಅಪ್ಪನನ್ನು ನೋಡಿದಳು, ಅಪ್ಪನ ಕಣ್ಣು ಹೋದ ಕಡೆ ತಿರುಗಿ ಅತ್ತೆಯನ್ನು ನೋಡಿದಳು. ಟವೆಲ್ ಎಸೆಯಲಿಲ್ಲ. ನಾನು ಅವಳ ಮೊಣಕೈ ತಿವಿದೆ. ಹಗ್ಗ ಇನ್ನೊಂದು ಸಲ ಬಿಗಿಯಿತು, ಅವನ ಕಾಲು ಪೀಪಾಯಿಯಿಂದ ಜಾರಿತು, ಗಂಟಲಿಂದ ಕೋಳಿ ಕುಯ್ದಂಥ ಸದ್ದು ಬಂತು. ಆಗ ಎಸೆದಳು. ಹುಡುಗರು ಹಗ್ಗ ಬಿಟ್ಟರು. ಅವನು ಮೂಟೆಯ ಹಾಗೆ ಬಿದ್ದ.

ಮದುವೆ ನಿಲ್ಲಲಿಲ್ಲ. ಪೇಟೆಯಿಂದ ವೋಡ್ಕಾ ತರಿಸಿದರು, ಕುಣಿದರು, ಮರುದಿನ ಬ್ರೊನೆಯನ್ನು ಗಾಡಿಯಲ್ಲಿ ಕರೆದುಕೊಂಡು ಹೋದರು. ಜೊತೆಗೆ ಒಂದು ಹೆಸರೂ ಹೋಯಿತು. ಆ ಮನೆಯಲ್ಲಿ, ಆ ಊರಿನಲ್ಲಿ ಅವಳು ಕಾಲ್ಚೀಲದ ಬ್ರೊನೆ ಆದಳು. ಸೂಪಿಗೆ ಉಪ್ಪು ಹೆಚ್ಚಾದರೆ ಮೊರ್ತಾ, “ಎಷ್ಟಾದ್ರೂ ಆ ಮನೆ ಕೈರುಚಿ ಅಲ್ವಾ,” ಎನ್ನುತ್ತಿದ್ದಳು. ಮೊದಲ ಮಗು ಹುಟ್ಟಿದ ದಿನ ತೊಟ್ಟಿಲಿಗೆ ಬಗ್ಗಿ, “ಮೂಸಿ ನೋಡ್ತೀನಿ ಇರು,” ಅಂದಳಂತೆ. ಸ್ಟೆಪೋನಾಸ್ ಕುಡಿದಾಗ ಅದೇ ಮಾತಿನಿಂದ ಶುರುಮಾಡಿ ಹೊಡೆಯುತ್ತಿದ್ದ. ಬ್ರೊನೆ ತವರಿಗೆ ಬರುವುದನ್ನು ಬಿಟ್ಟಳು.

ಇತ್ತ ಯೆರೊನಿಮಾಸ್ ತಂಗಿಯ ಮೇಲೆ ಕೈ ಎತ್ತಲಿಲ್ಲ. ಕುತ್ತಿಗೆಯ ಗಾಯ ಒಣಗಿತು, ದನಿ ಮಾತ್ರ ಗೊಗ್ಗರಾಗಿ ಉಳಿಯಿತು. ಆ ದನಿಯಲ್ಲಿ ಅವನು ಹಸುವಿನ ಜೊತೆ ಮಾತಾಡುತ್ತಿದ್ದ, ನಾಯಿಯ ಜೊತೆ ಮಾತಾಡುತ್ತಿದ್ದ, ನಮ್ಮಪ್ಪನ ಜೊತೆ ಬೇಲಿ ಜಗಳ ಆಡುತ್ತಿದ್ದ. ಉರ್ಷುಲೆಯ ಜೊತೆ ಸಾಯುವವರೆಗೆ ಒಂದು ಮಾತೂ ಆಡಲಿಲ್ಲ. ಅವಳು ಬೇಯಿಸಿದ್ದನ್ನು ತಿನ್ನುತ್ತಿದ್ದ. ಬಿಯರಿಗೆ ಅವನನ್ನು ಯಾರೂ ಕರೆಯಲಿಲ್ಲ. ಆದರೂ ಆಗಸ್ಟ್ ಬಂದರೆ ಬುಟ್ಟಿಯನ್ನು ತಂದು ಅವಳ ಮುಂದೆ ಇಡುತ್ತಿದ್ದ. ಅವಳು ಹೂ ಕೀಳಬೇಕು, ಒಣಗಿಸಬೇಕು, ಚೀಲಕ್ಕಿಳಿದು ತುಳಿಯಬೇಕು. ಪೆಟ್ಟಿಗೆ ಮತ್ತೆ ಕಣಜದ ಚಪ್ಪಡಿಗೆ ಬಂದಿತ್ತು, ಬಿರಿದ ಮೂಲೆಗೆ ತಗಡು ಬಡಿದಿದ್ದ. ಬೇಸಿಗೆ ಬಂದಾಗ ಅವನೇ ಚೀಲ ತೆಗೆದು, ಅವಳ ಕಣ್ಣೆದುರು ಹೊಲಿಗೆ ಹರಿದು, ಹಸಿರಾಗಿದ್ದ ಹೂವನ್ನು ಗೊಬ್ಬರದ ಗುಂಡಿಗೆ ಸುರಿದು, ಗುದ್ದಲಿಯಿಂದ ಕಲಸುತ್ತಿದ್ದ. ವರ್ಷ ವರ್ಷವೂ. ಆ ಪರಿಮಳ ಬೇಲಿ ದಾಟಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ನಮ್ಮಪ್ಪ ಬಾಗಿಲಲ್ಲಿ ನಿಂತು ಮೂಗರಳಿಸಿ, “ಪಾಪಿ ಮುಂಡೇದು, ನನಗಾದ್ರೂ ಕೊಡಬಾರ್ದಾ,” ಎನ್ನುತ್ತಿದ್ದ.

“ಯಾಕೆ ಮಾಡ್ಕೊಟ್ಟೆ? ಕೆಡೋ ಹಾಗೆ ಇಡಬಹುದಿತ್ತಲ್ಲ,” ಎಂದು ನಾನು ಅವಳನ್ನು ಕೇಳಿದೆ.

“ಇಡ್ಬೇಕು ಅಂತ ಪ್ರತಿವರ್ಷ ಅನ್ಕೋತಿದ್ದೆ. ಕಾಲು ಕೇಳ್ತಿರ್ಲಿಲ್ಲ. ಸಡಿಲ ಬಿಟ್ರೆ ಮೈ ಉರೀತಿತ್ತು,” ಅಂದಳು.

ಅವನು ಸತ್ತದ್ದು ಒಂದು ಏಪ್ರಿಲ್‌ನಲ್ಲಿ, ಗುಂಡಿಯ ಪಕ್ಕದಲ್ಲೇ, ಗುದ್ದಲಿ ಹಿಡಿದು. ಬಾಯಿ ಏನೋ ಹೇಳಲು ತೆರೆದಿತ್ತೋ, ಉಸಿರಿಗೆ ತೆರೆದಿತ್ತೋ. ಅಂತ್ಯಕ್ರಿಯೆಗೆ ಬ್ರೊನೆ ಬಂದಳು, ನಿಂತಿದ್ದಳು, ಹೋದಳು.

ಆಮೇಲೆ ಮತ್ತೊಂದು ಯುದ್ಧ. ಅದಾದ ಮೇಲೆ ಎಲ್ಲರ ಹೊಲಗಳನ್ನು ಕೂಡಿಸಿ ಕೊಲ್ಖೋಜ್ ಎಂಬ ಸರ್ಕಾರಿ ಸಾಮೂಹಿಕ ಬೇಸಾಯ ಮಾಡಿದರು. ಉರ್ಷುಲೆಯ ಮನೆಯನ್ನು ಕಚೇರಿಗೆ ತೆಗೆದುಕೊಂಡರು, ಪೆಟ್ಟಿಗೆಯನ್ನು ಯಾರೋ ಸೌದೆ ಮಾಡಿದರು. ವಯಸ್ಸಾದವಳು ಗಂಟು ಕಟ್ಟಿಕೊಂಡು ಕೆರೆಯಾಚೆ ನಡೆದಳು. ಆ ಹೊತ್ತಿಗೆ ಮೊರ್ತಾ ಸತ್ತಿದ್ದಳು, ಸ್ಟೆಪೋನಾಸ್ ಯುದ್ಧದಿಂದ ಬಂದಿರಲಿಲ್ಲ. ನನ್ನನ್ನೂ ಅದೇ ಊರಿಗೆ ಕೊಟ್ಟಿದ್ದರಿಂದ ನಾನು ಎಲ್ಲ ನೋಡಿದೆ. ಬ್ರೊನೆ ಬಾಗಿಲು ತೆಗೆದಳು.

“ಅತ್ತೆ, ಬಾ,” ಅಂದಳು. ಹಿಂದಿನ ಕೋಣೆ ಕೊಟ್ಟಳು. ಹಾಲು, ಆಲೂಗಡ್ಡೆ, ಬೆಚ್ಚಗಿನ ಹಾಸಿಗೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಅವಳ ಜೊತೆ ಕೂತು ಉಣ್ಣಲಿಲ್ಲ.

ಬ್ರೊನೆಯ ಮಗಳಿಗೆ ಮದುವೆ ಗೊತ್ತಾದ ವರ್ಷ ಉರ್ಷುಲೆ ಬೇಲಿಯ ಮೇಲೆ ಕಾಡು ಹಾಪ್ ಬಳ್ಳಿ ಕಂಡಳು. ಅಡುಗೆಮನೆಗೆ ಬಂದಳು.

“ಬ್ರೊನೆ, ಮದುವೆ ಬಿಯರಿಗೆ ನಾನು ಹೂ ಮಾಡಿಡ್ಲಾ? ಈಗ್ಲೂ ಕಾಲಲ್ಲಿ ಬಲ ಇದೆ.”

ಬ್ರೊನೆ ಆಲೂಗಡ್ಡೆ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಬೇಡ. ಪೇಟೆಯಿಂದ ತರಿಸ್ತೀನಿ.”

“ಪೇಟೆಯದು ನೀರು.”

“ನೀರು ಕುಡಿದು ಯಾರೂ ಉಗಿಯಲ್ಲ ಅತ್ತೆ.” ಇನ್ನೊಂದು ಆಲೂಗಡ್ಡೆ ಎತ್ತಿಕೊಂಡು ಹೇಳಿದಳು: “ಆವತ್ತು ಅಪ್ಪ ನಿನ್ನನ್ನೇ ನೋಡ್ತಿದ್ದ. ನಾನೂ ನೋಡ್ದೆ. ಕಣಜದಲ್ಲಿ ಅಪ್ಪ ನಿನ್ನ ಮೂಗಿಗೆ ಹೂ ಹಿಡಿಯೋದನ್ನ ಚಿಕ್ಕಂದಿನಿಂದ ನೋಡಿದೀನಿ. ನಿನ್ನ ಮೂಗು ತಪ್ಪಲ್ಲ ಅಂತ ನನಗೆ ಗೊತ್ತಿಲ್ವಾ?”

ಉರ್ಷುಲೆ ಬೆಂಚಿನ ಮೇಲೆ ಕೂತಳು. “ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅವನ ಮೂಗಿನ ಗುಟ್ಟು ಊರಿಗೆಲ್ಲ ಗೊತ್ತಾಗಿ ಅಪ್ಪ ನಿನ್ನ ಕೊಂದುಹಾಕ್ತಿದ್ದ. ಅದಕ್ಕೆ ಬಾಯಿ ಮುಚ್ಕೊಂಡು ಇವರ ಹತ್ರ ಒದೆ ತಿಂದೆ. ಒಂದೇ ಒಂದು ಮಾತು ಕೇಳ್ಬೇಕು ಅಂತಿದ್ದೆ, ಈಗ ಕೇಳ್ತೀನಿ. ‘ಸರಿ ಇದೆ’ ಅಂದಾಗ ಅದು ನನ್ನ ಮದುವೆ ಅಂತ ಒಂದ್ಸಲನಾದ್ರೂ ಅನ್ನಿಸ್ಲಿಲ್ವಾ?”

ಇಲ್ಲಿ ಸುಳ್ಳು ಹೇಳಬಹುದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಉರ್ಷುಲೆ ಹೇಳಲಿಲ್ಲ.

“ಇಲ್ಲ ಮಗಳೇ. ಆಗ ನೀನು ನೆನಪಿಗೇ ಬರ್ಲಿಲ್ಲ. ಅವನೊಬ್ಬನೇ ಕಣ್ಣಲ್ಲಿದ್ದ.”

ಬ್ರೊನೆ ಚಾಕು ಕೆಳಗಿಟ್ಟು ಕೈ ತೊಳೆದುಕೊಂಡಳು. “ಸರಿ. ಊಟಕ್ಕೆ ಏನೂ ಕೊರತೆ ಆಗಲ್ಲ ನಿನಗೆ. ಮದುವೆ ದಿನ ಮಾತ್ರ ಕೋಣೆಯಿಂದ ಹೊರಗೆ ಬರಬೇಡ. ನಿನ್ನ ಮುಖ ನೋಡಿದ್ರೆ ಜನ ಹಳೇದು ತೆಗೀತಾರೆ. ನನ್ನ ಮಗಳಿಗೆ ಆ ಹೆಸರು ಬೇಡ.”

ಮದುವೆಯ ದಿನ ನಾನು ಒಂದು ತಟ್ಟೆ ತುಂಬಿಸಿಕೊಂಡು ಹಿಂದಿನ ಕೋಣೆಗೆ ಹೋದೆ. ಉರ್ಷುಲೆ ಭಾನುವಾರದ ಸ್ಕಾರ್ಫ್ ಕಟ್ಟಿಕೊಂಡು, ಬೂಟು ಒರೆಸಿ ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತಿದ್ದಳು. ಹೊರಗೆ ಅಕಾರ್ಡಿಯನ್ ನುಡಿಯುತ್ತಿತ್ತು.

“ಹುಡುಗಿ ಹೇಗೆ ಕಾಣ್ತಾಳೆ?”

“ಬ್ರೊನೆ ಥರಾನೇ. ಆವಾಗಿನ ಬ್ರೊನೆ ಥರ.”

“ತಟ್ಟೆ ಬ್ರೊನೆ ಕೊಟ್ಟಳಾ?”

“ಹೌದು,” ಅಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ ತಟ್ಟೆ ಎಳೆದುಕೊಂಡಳು. ಮಾಂಸ, ಕೋಸು, ಎಲ್ಲ ತಿಂದಳು. ತಿಂದು ಮುಗಿಸುವ ಹೊತ್ತಿಗೆ ಬಾಗಿಲ ಹೊರಗೆ ರೇಷ್ಮೆಯ ಸರಭರ ಕೇಳಿಸಿತು. ಚಿಲಕ ಮೇಲೆದ್ದಿತು. ಮದುಮಗಳು ಹೊರಡುವ ಮೊದಲು ಮುದುಕಿಯ ಕೈಗೆ ಮುತ್ತಿಡಲು ತಾನಾಗಿಯೇ ಬಂದಿದ್ದಳು. ಉರ್ಷುಲೆ ತಟ್ಟೆ ಮಂಚದ ಮೇಲಿಟ್ಟು ಎದ್ದು ನಿಂತಳು, ಸ್ಕಾರ್ಫ್ ಸರಿಮಾಡಿಕೊಂಡಳು.

“ಏನ್ಮಾಡ್ತಿದ್ದೀಯೇ ಅಲ್ಲಿ? ಕುದುರೆ ಕಟ್ಟಾಯ್ತು, ಬಾ ಹೊರಗೆ!” ಅಂಗಳದಿಂದ ಬ್ರೊನೆಯ ದನಿ.

ಚಿಲಕ ಅರ್ಧದಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಹೆಜ್ಜೆ ದೂರವಾಯಿತು.

ಉರ್ಷುಲೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. “ತಗೊಂಡ್ಹೋಗು. ಅಲ್ಲಿ ಪಾತ್ರೆ ಸಾಲಲ್ಲ,” ಅಂದಳು.

ಅದಾದ ಮೇಲೆ ಅವಳು ಬಹಳ ವರ್ಷ ಬದುಕಿದಳು. ಸಾವು ಅವಳ ವಿಷಯದಲ್ಲಿ ಅವಸರ ಮಾಡಲಿಲ್ಲ. ಕೊನೆಕೊನೆಗೆ ಏಳಲಾಗದಾಗ ಬ್ರೊನೆಯೇ ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಚಮಚದಿಂದ ಉಣ್ಣಿಸಿದಳು, ಒಂದು ಬಿರುಸು ಮಾತೂ ಆಡದೆ, ಒಂದು ಮೆದು ಮಾತೂ ಆಡದೆ. ಸತ್ತಾಗ ಒಳ್ಳೆಯ ಪೈನ್ ಹಲಗೆಯ ಶವಪೆಟ್ಟಿಗೆ ಮಾಡಿಸಿದಳು, ಪಾದ್ರಿಯನ್ನು ಕರೆಸಿದಳು. ಮಣ್ಣು ಹಾಕಿ ಬಂದವರಿಗೆಲ್ಲ ಬಟಾಣಿ ಸಾರು, ಚಹಾ ಕೊಟ್ಟಳು. ಯಾರೋ ಹಳಬರೊಬ್ಬರು ಬಿಯರ್ ಇಲ್ಲವೇ ಎಂದು ಕೇಳಿದರು. ಬ್ರೊನೆ ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು.